ಎರಡು ‘ಅಡ್ಡಿಲ್ಲ’ಗಳ ನಡುವೆ

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಎದುರು ಕೂತವರ ಮೂಗಿನ ಮೇಲೆ ಗುಂಡಗಿನ ಖಾಲಿ ಫ್ರೇಮು ಕೂರಿಸಿ, ಅದರೊಳಗೆ ಒಂದೊಂದೇ ಗ್ಲಾಸು ಇಳಿಬಿಟ್ಟು, ‘ಈಗ ಕಾಣತೈತೇನ್ರಿ?’ ಎಂದು ಕೇಳುವುದು ನನ್ನ ಹೊಟ್ಟೆಪಾಡು. ಕೇಳಿದ್ದಕ್ಕೆ ಜನ ಉತ್ತರ ಕೊಟ್ಟರೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಸಿದ್ದಾಪುರಕ್ಕೆ ಬರುವವರೆಗೆ ನಾನು ಹಾಗೆಂದೇ ತಿಳಿದಿದ್ದೆ.

ನನ್ನ ತವರು ಗುಡ್ನಾಪುರದ ಕೆರೆಯ ಹತ್ತಿರ. ಈ ದಂಡೆಯಲ್ಲಿ ನಿಂತು, ಆ ದಂಡೆಯಲ್ಲಿ ಎಮ್ಮೆ ಮೈ ತೊಳೆಯುವವರ ಜೊತೆ ಮನೆಯ ಸುದ್ದಿಯನ್ನೆಲ್ಲ ಮಾತಾಡಿ ಬೆಳೆದ ಗಂಟಲು ನಮ್ಮದು. ಗುಟ್ಟು ಎಂಬುದು ನಮ್ಮ ಕಡೆ ನಿಲ್ಲುವುದೇ ಇಲ್ಲ. ಬೀಗರ ಮನೆಯ ಊಟದಲ್ಲಿ ಕೂಡ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ‘ಉಪ್ಪ ಜಾಸ್ತಿ ಆಗೈತಿ ನೋಡ್ರಿ’ ಎನ್ನುತ್ತಾರೆ. ಹಾಗೆಂದು, ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಹೇಳಿದವರಿಗೂ ಬೇಸರವಿಲ್ಲ, ಕೇಳಿಸಿಕೊಂಡವರಿಗೂ ಇಲ್ಲ. ಹುಬ್ಬಳ್ಳಿಯಲ್ಲಿ ಕೋರ್ಸು ಮುಗಿಸಿ ಅಲ್ಲೇ ಕೆಲವು ವರ್ಷ ಕೆಲಸ ಮಾಡಿದಾಗಲೂ ನನಗೆ ತೊಂದರೆಯಾಗಲಿಲ್ಲ. ಗ್ಲಾಸು ಸರಿ ಬಾರದಿದ್ದರೆ ಅಲ್ಲಿಯವರು ‘ಏನೂ ಕಾಣವಲ್ದು, ಬ್ಯಾರೆ ಹಾಕ್ರಿ’ ಎಂದು ಗದರಿಸಿಯೇ ಬಿಡುತ್ತಿದ್ದರು. ಗದರಿಸಿಕೊಂಡರೆ ನನಗೆ ನೆಮ್ಮದಿ. ಎಲ್ಲಿದ್ದೇನೆ ಎಂಬುದು ಗೊತ್ತಾಗುತ್ತದೆ.

ಮದುವೆಯಾದ ಮೇಲೆ ಗಂಡನಿಗೆ ಸಿದ್ದಾಪುರದಲ್ಲಿ ಕೆಲಸವಾಯಿತು, ನಾನೂ ಬಂದೆ. ಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮಾಲೀಕರು ಶಿರಸಿಯವರು. ಯಲ್ಲಾಪುರದಲ್ಲೂ ಅವರದೊಂದು ಸಣ್ಣ ಅಂಗಡಿಯಿದೆ. ಬುಧವಾರ ನಾನು ಅಲ್ಲಿಗೆ ಹೋಗಬೇಕು, ಉಳಿದ ದಿನ ಇಲ್ಲಿ. ಇಲ್ಲಿ ನನ್ನ ಜೊತೆಗಿದ್ದವಳು ಕೋಲಸಿರ್ಸಿಯ ಗದ್ದೆ ಬೇಸಾಯದ ಮನೆಯ ಹುಡುಗಿ. ಹುಡುಗಿ ಎಂದೇನೋ ಬರೆದೆ, ಆದರೆ ಡಿಗ್ರಿ ಮುಗಿಸಿ, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರೆಗೆ ಅಂಗಡಿಯ ಅರ್ಧ ಭಾರ ಹೊರುತ್ತಿದ್ದವಳು. ಗಿರಾಕಿಗಳನ್ನು ಕೂರಿಸುವುದು, ಫ್ರೇಮು ತೋರಿಸುವುದು, ತಯಾರಾದ ಕನ್ನಡಕವನ್ನು ಅವರ ಕಿವಿಗೆ ಹೊಂದಿಸಿ ಕೊಡುವುದು ಎಲ್ಲ ಅವಳದೇ. ಅವಳಿಗೂ ಕಪ್ಪು ಫ್ರೇಮಿನ ಕನ್ನಡಕವಿತ್ತು. ಬೆರಳಿನ ಗೆಣ್ಣಿನಿಂದ ಅದನ್ನು ಮೇಲಕ್ಕೆ ತಳ್ಳಿಕೊಂಡಳೆಂದರೆ ಏನೋ ಹೇಳುವುದಕ್ಕಿದೆ ಎಂದು ಅರ್ಥ.

ಈ ಕಡೆ ಶಾಲೆಯ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಗೋಡೆಗೆ ಅಕ್ಷರದ ಬೋರ್ಡು ತೂಗುಹಾಕಿ ಓದಿಸುತ್ತೇನೆಂದೋ ಏನೋ, ಅವಳು ಬಂದ ದಿನವೇ ನನ್ನನ್ನು ಅಕ್ಕೋರು ಮಾಡಿಬಿಟ್ಟಳು. ಪಾಠ ಮಾತ್ರ ಅವಳೇ ಮಾಡಿದಳು.

ಪಾಠ ಶುರುವಾದದ್ದು ಬಿಳಗಿ ಕಡೆಯ ಹಿರಿಯರೊಬ್ಬರಿಂದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ ಮರ್ಯಾದಸ್ಥ ಮನುಷ್ಯ. ನಾನು ಒಂದು ಗ್ಲಾಸು ಹಾಕಿ ‘ಕಾಣತೈತೇನ್ರಿ?’ ಎಂದೆ. ‘ಅಡ್ಡಿಲ್ಲೆ’ ಎಂದರು. ಬದಲಾಯಿಸಿ ‘ಈಗ?’ ಎಂದೆ. ‘ಅಡ್ಡಿಲ್ಲೆ.’ ಮತ್ತೊಂದು ಹಾಕಿದೆ. ಅದಕ್ಕೂ ಅಡ್ಡಿಲ್ಲೆ. ಅಡ್ಡಿ ಇಲ್ಲ ಎಂದರೆ ತೊಂದರೆ ಇಲ್ಲ, ತೊಂದರೆ ಇಲ್ಲ ಎಂದರೆ ಸರಿಯಾಗಿದೆ ಎಂದು ನನ್ನ ಲೆಕ್ಕ. ಇಷ್ಟು ತಕರಾರಿಲ್ಲದ ಗಿರಾಕಿ ಹುಬ್ಬಳ್ಳಿಯಲ್ಲಿ ಸಿಕ್ಕಿರಲಿಲ್ಲವಲ್ಲ ಎಂದು ಖುಷಿಯಾಗಿ ಕೊನೆಯ ನಂಬರನ್ನೇ ಬರೆದು ಕನ್ನಡಕ ಮಾಡಿಸಿಕೊಟ್ಟೆ. ಅವರೂ ನಗುನಗುತ್ತಲೇ ತೆಗೆದುಕೊಂಡು ಹೋದರು.

ಕೆಲವು ದಿನಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಗುರುತು ಹತ್ತಿರಲಿಲ್ಲ. ‘ತಂಗೀ, ಅದು ಬಿಳಗಿ ಬಸ್ಸೇ ಹೌದ ನೋಡು’ ಎಂದರು. ನೋಡಿದರೆ ನಾನು ಕೊಟ್ಟ ಕನ್ನಡಕ ಅಂಗಿಯ ಕಿಸೆಯಲ್ಲಿ ಮಲಗಿದೆ.

‘ಚಾಳೀಸು ಹಾಕ್ಕೋರಿ ಯಜಮಾನ್ರ!’ ಎಂದೆ. ಕೆರೆಯ ದಂಡೆಯ ಗಂಟಲು. ಅರ್ಧ ಬಸ್‌ಸ್ಟ್ಯಾಂಡು ನಮ್ಮ ಕಡೆ ತಿರುಗಿತು.

ಅವರು ನನ್ನನ್ನು ಗುರುತಿಸಿ ಮುದುಡಿಹೋದರು. ‘ಅಡ್ಡಿಲ್ಲೆ, ಅಡ್ಡಿಲ್ಲೆ. ಕನ್ನಡಕ ಚೊಲೋ ಇದ್ದು. ಹಾಕ್ಯಂಡ್ರೆ ಬೋರ್ಡು ಕಾಣ್ತಿಲ್ಲೆ, ಅಷ್ಟೇಯ’ ಎಂದರು.

ಅಂಗಡಿಗೆ ಬಂದು ನಾನು ಬುಸುಗುಟ್ಟಿದೆ. ಹುಡುಗಿ ಗೆಣ್ಣಿನಿಂದ ಕನ್ನಡಕ ಮೇಲೆ ತಳ್ಳಿಕೊಂಡಳು.

‘ಅಕ್ಕೋರೇ, ಅವರು ಅವತ್ತು ಬೇಡ ಅಂತಲೇ ಹೇಳಿದ್ರು.’

‘ಎಲ್ಲಿ ಹೇಳ್ಯಾರ? ಅಡ್ಡಿಲ್ಲೆ ಅಂದಾರ!’

‘ಹೌದು, ಅದೇ. ಮೂರು ಸಲವೂ ಹಂಗೇ ಹೇಳಿದ್ರು.’

‘ಬ್ಯಾಡ ಅನ್ನಾಕ ಏನು ಬ್ಯಾನಿ ಅವರಿಗೆ?’

‘ನೀವು ಅಷ್ಟು ಕಷ್ಟಪಟ್ಟು ಗ್ಲಾಸು ಬದಲಾಯಿಸ್ತಾ ಇದ್ರಿ. ಬೇಡ ಅಂದ್ರೆ ನೀವು ಬೇಜಾರು ಮಾಡ್ಕೊಳ್ತೀರಿ ಅಂತ.’

ಕಣ್ಣು ಕಾಣದಿದ್ದರೂ ಚಿಂತೆಯಿಲ್ಲ, ಎದುರಿನವಳಿಗೆ ಬೇಜಾರಾಗಬಾರದು! ನನಗೆ ಸಿಟ್ಟೂ ಬಂತು, ನಗುವೂ ಬಂತು. ಆ ಹಿರಿಯರನ್ನು ಮತ್ತೆ ಕರೆಸಿ, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಅವರು ಅಡ್ಡಿಲ್ಲೆ ಎಂದಾಗಲೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಅವಳು ಅವರಿಗೆ ಕಾಣದಂತೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಕೊನೆಗೊಂದು ಗ್ಲಾಸಿಗೆ ಅವರು ಉಸಿರು ಬಿಟ್ಟು, ‘ಅಡ್ಡಿಲ್ಲೇ’ ಎಂದು ಎಳೆದರು. ಹಬ್ಬದ ಊಟ ಮುಗಿಸಿ ಎಲೆಯ ಮುಂದೆ ಕೂತೇ ಇರುವವರ ದನಿ ಅದು. ಹುಡುಗಿ ಹೌದೆಂದಳು. ಆ ನಂಬರು ಇವತ್ತಿಗೂ ಅವರಿಗೆ ಸರಿಯಾಗಿದೆ.

ಆಮೇಲೆ ನಾನು ಆ ಪದವನ್ನು ಬೆನ್ನು ಹತ್ತಿದೆ. ಕೆಲವರ ಮನೆಯಲ್ಲಿ ಅದು ‘ಅಡ್ಡಿಲ್ಲೆ’, ಕೋಲಸಿರ್ಸಿಯವಳ ಮನೆಯಲ್ಲಿ ‘ಅಡ್ಡಿಲ್ಲ’. ರೂಪ ಹೇಗಾದರೂ ಇರಲಿ, ಕೆಲಸ ಒಂದೇ. ಚಹಾ ಚೆನ್ನಾಗಿದ್ದರೂ ಅದೇ, ಕೆಟ್ಟಿದ್ದರೂ ಅದೇ. ಮೊಮ್ಮಗ ಜಿಲ್ಲೆಗೇ ಮೊದಲು ಬಂದರೂ ‘ಅಡ್ಡಿಲ್ಲೆ, ಓದ್ತ’ ಎನ್ನುತ್ತಾರೆ. ಎರಡು ಸಲ ಗಡಿಬಿಡಿಯಲ್ಲಿ ಹೇಳಿದರೆ ‘ಮಾರಾಯ್ತಿ, ಸಾಕು ಬಿಡು’ ಎಂದರ್ಥ. ಬಾಗಿಲ ಕಡೆ ನೋಡುತ್ತ ಹೇಳಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಈ ಜನರಿಗೆ ಬೇಕು ಎಂಬ ಮಾತೂ ಬೇಡ, ಬೇಡ ಎಂಬ ಮಾತೂ ಬೇಡ. ಅಡ್ಡಿ ಎಂಬುದೊಂದು ಎಲ್ಲೋ ಇರಬಹುದಾಗಿತ್ತು, ಸದ್ಯಕ್ಕೆ ಇಲ್ಲ ಎಂದು ಹೇಳಿ ಎದ್ದುಹೋಗುತ್ತಾರೆ. ಮಿಕ್ಕಿದ್ದನ್ನು ನೀನೇ ತಿಳಿದುಕೋ.

ನಾನೂ ಜಾಣತನ ಹೂಡಿದೆ. ‘ಹೇಗಿದೆ’ ಎಂದು ಕೇಳುವುದನ್ನು ಬಿಟ್ಟು ‘ಒಂದನೇದು ಛಲೋನೋ, ಎರಡನೇದು ಛಲೋನೋ’ ಎಂದು ಕೇಳತೊಡಗಿದೆ. ಇಂಥದ್ದಕ್ಕೆ ಅಡ್ಡಿಲ್ಲೆ ಎನ್ನುವುದು ಸಾಧ್ಯವೇ? ಸಾಧ್ಯ. ಅಜ್ಜಿಯೊಬ್ಬರು ಎರಡನ್ನೂ ನಿಧಾನವಾಗಿ ನೋಡಿ, ಯಾವ ಗ್ಲಾಸಿಗೂ ನೋವಾಗಬಾರದೆನ್ನುವಂತೆ ‘ಎರಡೂ ಅಡ್ಡಿಲ್ಲೆ’ ಎಂದರು. ನಾನು ಕೈಚೆಲ್ಲಿದೆ. ಗ್ಲಾಸಿನ ಮೇಲೆ ಬೆರಳಿನ ಗುರುತಾಗಿತ್ತು, ಒರೆಸೋಣವೆಂದು ಎರಡನೆಯದನ್ನು ಫ್ರೇಮಿನಿಂದ ಎತ್ತಿದೆ. ತಟ್ಟನೆ ಅಜ್ಜಿಯ ಕೈ ಮೇಲೆದ್ದು ನನ್ನ ಮಣಿಕಟ್ಟು ಹಿಡಿಯಿತು.

‘ಅಯ್ಯ, ಅದು ಇರ್ಲಿ ಮಾರಾಯ್ತಿ!’

ಹುಡುಗಿ ಆ ಕಡೆ ಕೌಂಟರಿನ ಹಿಂದೆ ಬಗ್ಗಿ ನಗುತ್ತಿದ್ದಳು. ಅವತ್ತಿನಿಂದ ನನ್ನ ಪರೀಕ್ಷೆಯ ಕ್ರಮವೇ ಬದಲಾಯಿತು. ಗ್ಲಾಸು ಹಾಕಿ ಕೇಳುವುದಲ್ಲ, ಹಾಕಿದ್ದನ್ನು ತೆಗೆದು ನೋಡುವುದು. ಬೇಡದ ಗ್ಲಾಸು ತೆಗೆದರೆ ಜನ ಸುಮ್ಮನೆ ಕೂತಿರುತ್ತಾರೆ. ಬೇಕಾದದ್ದನ್ನು ತೆಗೆದರೆ ಕೈ ತಾನಾಗಿ ಮೇಲೇಳುತ್ತದೆ. ಬಾಯಿ ಎಷ್ಟು ಸಂಕೋಚ ಪಟ್ಟರೂ ಕೈಗೆ ಅಷ್ಟು ಸಂಕೋಚವಿಲ್ಲ. ನಾವಿಬ್ಬರೂ ಇದಕ್ಕೆ ‘ತೆಗೆದು ನೋಡುವುದು’ ಎಂದೇ ಹೆಸರಿಟ್ಟುಕೊಂಡೆವು. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಅವಳು ನನ್ನ ಶೇಂಗಾ ಚಟ್ನಿಯ ಡಬ್ಬಿಯನ್ನು ಮೆಲ್ಲಗೆ ಎಳೆದು ನನ್ನ ಕೈ ಏಳುತ್ತದೋ ಎಂದು ನೋಡುವಳು. ಏಳದೆ ಬಿಟ್ಟೀತೇ?

ಹೀಗೆ ನಗುತ್ತ ಇದ್ದವಳು ಒಂದು ಸೋಮವಾರ ಮಂಕಾಗಿ ಬಂದಳು.

ಹಿಂದಿನ ದಿನ ಅವಳನ್ನು ನೋಡಲು ಯಲ್ಲಾಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನದು ಮೋಟಾರ್ ವೈಂಡಿಂಗ್ ಅಂಗಡಿ; ಸುಟ್ಟುಹೋದ ಪಂಪ್‌ಸೆಟ್ಟು, ಫ್ಯಾನು, ಮಿಕ್ಸರು ಎಲ್ಲಕ್ಕೂ ಹೊಸ ತಂತಿ ಸುತ್ತಿ ಕೊಡುತ್ತಾನೆ. ಮೊಬೈಲಿಗೆ ಬಂದ ಫೋಟೋವನ್ನು ನನಗೆ ಮೊದಲೇ ತೋರಿಸಿದ್ದಳು. ಒಳ್ಳೆಯ ಮುಖ. ಹೇಗಾಯಿತು ಎಂದು ಕೇಳಿದೆ. ‘ಆಯ್ತು’ ಎಂದಷ್ಟೇ ಹೇಳಿ ಶೋಕೇಸು ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮುಂದಿನ ವಾರವೂ ಹಾಗೇ ಕಳೆಯಿತು. ಗಿರಾಕಿಗಳ ಹತ್ತಿರ ಮಾತಾಡುವಳು, ನನ್ನ ಹತ್ತಿರ ಇಲ್ಲ. ನನ್ನ ಶೇಂಗಾ ಚಟ್ನಿಯ ತಂಟೆಗೆ ಯಾರೂ ಬರಲಿಲ್ಲ.

ಅದರಾಚೆಯ ಮಂಗಳವಾರ ಅವಳ ಅಪ್ಪ ಅಂಗಡಿಗೆ ಬಂದರು. ಮಗಳು ಬ್ಯಾಂಕಿಗೆ ಹೋದ ಹೊತ್ತನ್ನೇ ನೋಡಿ ಬಂದಂತಿತ್ತು. ಕೂತರು, ಫ್ಯಾನು ನೋಡಿದರು, ಈ ಸಲ ಗದ್ದೆಗೆ ಕಾಡುಹಂದಿಯ ಕಾಟ ಎಂದರು, ಅಕ್ಷರದ ಬೋರ್ಡು ಹೊಸದಾ ಎಂದು ಕೇಳಿದರು. ಇಲ್ಲಿಯವರು ಹೇಳಬೇಕಾದ್ದಕ್ಕೆ ಬರುವ ಮೊದಲು ಒಂದು ಸುತ್ತು ಹಾಕುತ್ತಾರೆ ಎಂದು ನಾನು ಕಲಿತಿದ್ದೆ. ತುಟಿ ಬಿಗಿಹಿಡಿದು ಕಾದೆ.

‘ನಮ್ಮ ಹುಡುಗಿ ನಿಮ್ಮ ಹತ್ರ ಎಂತಾದ್ರೂ ಹೇಳಿದ್ಲಾ ಅಕ್ಕೋರೇ?’ ಎಂದರು ಕೊನೆಗೆ.

‘ಏನೂ ಹೇಳಿಲ್ರಿ. ಯಾಕ?’

‘ಆ ಯಲ್ಲಾಪುರದವರದ್ದು ನಮಗೆ ಮನಸಿತ್ತು. ಒಳ್ಳೆ ಜನ. ಆದರೆ ಇವಳಿಗೆ ಮನಸಿಲ್ಲ.’

‘ಮನಸಿಲ್ಲ ಅಂದಳೇನ್ರಿ?’

‘ಛೇ, ಹಂಗೆಲ್ಲ ಹೇಳ್ತಾಳಾ? ಅಡ್ಡಿಲ್ಲ ಅಂದ್ಲು. ಹೇಳುವಾಗ ಮುಖ ಬಿಗಿದುಕೊಂಡಿತ್ತು. ಚಹಾ ಕೊಡುವಾಗಲೂ ಹಂಗೇ, ತುಟಿ ಕಚ್ಚಿಕೊಂಡೇ ಇದ್ಲು. ಅದಕ್ಕೆ ನಾವು ಅವರಿಗೆ ಫೋನ್ ಮಾಡಲಿಲ್ಲ.’

‘ಅವರಾದ್ರೂ ಫೋನ್ ಮಾಡ್ಯಾರಿಲ್ಲೋ?’

‘ಹೋಗುವಾಗಲೇ ಹೇಳಿ ಹೋದ್ರಲ್ಲ, ಅಡ್ಡಿಲ್ಲ ಅಂತ. ಅಂದ್ರೆ ಅವರಿಗೂ ಮನಸಿಲ್ಲ.’ ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. ‘ಬರೋ ಭಾನುವಾರ ಸಾಗರದ ಕಡೆಯಿಂದ ಇನ್ನೊಬ್ಬರು ಬರ್ತಾರೆ. ಅವರು ಬಂದು ನೋಡಿದ ಮೇಲೆ ಹಳೇದನ್ನ ಮತ್ತೆ ಎತ್ತಕ್ಕಾಗೋದಿಲ್ಲ. ಅದಕ್ಕೇ ಅವಳ ಮನಸ್ಸಲ್ಲಿ ಎಂತ ಇದೆ ಅಂತ ನೀವೊಂದು ಸಲ ನೋಡಿ.’

ಅವರು ಹೋದ ಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಈ ಕಡೆಯವರು ಒಂದು ಅಡ್ಡಿಲ್ಲ ಎಂದಿದ್ದಾರೆ, ಆ ಕಡೆಯವರು ಒಂದು ಅಡ್ಡಿಲ್ಲ ಎಂದಿದ್ದಾರೆ. ಇಬ್ಬರೂ ಈ ಪದದಲ್ಲೇ ಹುಟ್ಟಿ ಬೆಳೆದವರು, ಅದರ ಒಳಸುಳಿಯೆಲ್ಲ ಬಲ್ಲವರು. ಬಲ್ಲವರಾದ್ದರಿಂದಲೇ ಇಬ್ಬರೂ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ನಮ್ಮ ಕಡೆಯವರಾಗಿದ್ದರೆ ಬಾಗಿಲು ದಾಟುವ ಮೊದಲೇ ಹೌದೋ ಅಲ್ಲವೋ ಇತ್ಯರ್ಥವಾಗಿ, ಅಲ್ಲವಾದರೆ ಜಗಳವೂ ಮುಗಿದು, ಊಟ ಮಾಡಿ ಹೋಗುತ್ತಿದ್ದರು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಕೇಳಿಯೇಬಿಟ್ಟೆ. ‘ಆ ಹುಡುಗ ಹೆಂಗದಾನ?’

‘ಅಡ್ಡಿಲ್ಲ’ ಎಂದಳು, ಅನ್ನ ಕಲಸುತ್ತ, ತಲೆಯೆತ್ತದೆ.

ಎಳೆದು ಹೇಳಿದ್ದಲ್ಲ, ಗಡಿಬಿಡಿಯೂ ಇಲ್ಲ, ಬಾಗಿಲ ಕಡೆ ನೋಡಿದ್ದೂ ಅಲ್ಲ. ಇಷ್ಟು ವರ್ಷ ಅಭ್ಯಾಸ ಮಾಡಿದ ನನಗೆ ಅದು ಯಾವ ಜಾತಿಯ ಅಡ್ಡಿಲ್ಲ ಎಂಬುದೇ ತಿಳಿಯಲಿಲ್ಲ. ಕಲಿಸಿದವಳಲ್ಲವೇ, ಸುಲಭಕ್ಕೆ ಸಿಗುತ್ತಾಳೆಯೇ? ಇದ್ದದ್ದು ಒಂದೇ ದಾರಿ.

‘ಹಂಗಾದ್ರ ಒಂದು ಕೆಲಸ ಮಾಡ್ತೀನಿ’ ಎಂದೆ, ನನ್ನ ರೊಟ್ಟಿ ಮುರಿಯುತ್ತ. ‘ನಾಳೆ ಬುಧವಾರ. ಹೆಂಗೂ ಯಲ್ಲಾಪುರಕ್ಕ ಹೊಂಟೀನಿ. ಅವನ ಅಂಗಡಿಗೆ ಹೋಗಿ, ನಮ್ಮ ಹುಡುಗಿಗೆ ಮನಸಿಲ್ಲಪಾ, ನೀ ಬ್ಯಾರೆ ಕಡೆ ನೋಡ್ಕೋ ಅಂತ ಹೇಳಿ ಬಂದುಬಿಡ್ತೀನಿ.’

ಅವಳ ಕೈ ಎದ್ದಿತು. ಮೊಸರನ್ನ ಮೆತ್ತಿದ ಐದೂ ಬೆರಳು ನನ್ನ ಮುಖದೆದುರು ನಿಂತಿದ್ದವು.

‘ಬೇಡ ಅಂತ ಮಾತ್ರ ಹೇಳ್ಬೇಡಿ ಅಕ್ಕೋರೇ!’

ಹೇಳಿದ ಮೇಲೆ ತನ್ನ ಕೈಯನ್ನು ತಾನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ‘ತೆಗೆದು ನೋಡಿದ್ರಲ್ಲ ನೀವು!’ ಎಂದವಳು ನಗತೊಡಗಿದಳು. ಆ ನಗುವಿನ ಮಧ್ಯೆ ಅಳುವೂ ಬಂದು, ಕನ್ನಡಕ ತೆಗೆಯೋಣವೆಂದರೆ ಬೆರಳೆಲ್ಲ ಅನ್ನ. ನಾನೇ ತೆಗೆದು ಒರೆಸಿ ಮತ್ತೆ ಹಾಕಿದೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಹೊತ್ತಿಗೆ ಬಂದ ಗಿರಾಕಿಗೆ ‘ಆಮ್ಯಾಲೆ ಬರ್ರಿ’ ಎಂದುಬಿಟ್ಟೆ.

ಆಗ ಅವಳು ಎಲ್ಲ ಹೇಳಿದಳು. ಹುಡುಗಿ ನೋಡಲು ಬರುವ ದಿನ ಅವಳ ಸೋದರತ್ತೆ ಕನ್ನಡಕ ತೆಗೆಸಿಟ್ಟಿದ್ದರಂತೆ. ಕೆಲಸ ಮಾಡುವುದೇ ಕನ್ನಡಕದ ಅಂಗಡಿಯಲ್ಲಿ, ಅದೇ ಬೇಕಾದಷ್ಟಾಯಿತು, ಮುಖದ ಮೇಲೂ ಯಾಕೆ ಎಂದು. ಇವಳಿಗೆ ದೂರದ್ದು ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ಕೂತವರೆಲ್ಲ ಒಂದೇ ಮುಖ. ಯಾರು ಹುಡುಗ, ಯಾರು ಅವನ ಭಾವ ಎಂದೂ ತಿಳಿಯದೆ ಚಹಾದ ತಟ್ಟೆ ಹಿಡಿದು ಹೋದಳಂತೆ. ಒಬ್ಬ ಚಹಾದ ಲೋಟಕ್ಕೆಂದು ಕೈ ಚಾಚಿ, ಪಕ್ಕದ ಅವಲಕ್ಕಿಯೊಳಗೆ ಬೆರಳಿಟ್ಟನಂತೆ. ಬಗ್ಗಿದ್ದರಿಂದ ಇವಳಿಗೆ ಅವನ ಮುಖ ಹತ್ತಿರ ಬಂತು, ಕಂಡಿತು, ಫೋಟೋದ ಹುಡುಗನೇ. ಮೂಗಿನ ಎರಡೂ ಬದಿಗೆ ಕೆಂಪಗೆ ಎರಡು ಕುಳಿ. ಕನ್ನಡಕದ ಅಂಗಡಿಯವಳಿಗೆ ಅದನ್ನು ಬಿಡಿಸಿ ಹೇಳಬೇಕೇ?

‘ಅವರ ಮನೇಲೂ ತೆಗೆಸಿ ಕರ್ಕೊಂಡು ಬಂದಿದ್ರು ಅಕ್ಕೋರೇ. ನಾನು ಆ ಗುರುತು ನೋಡ್ತಾ ಇದ್ದದ್ದು ಅವರಿಗೆ ಗೊತ್ತಾಯ್ತು. ಮೆಲ್ಲಗೆ ಹೇಳಿದ್ರು, ಕನ್ನಡಕ ಕಾರಿನಲ್ಲಿದೆ ಅಂತ.’

ಆಗ ಉಕ್ಕಿ ಬಂದ ನಗುವನ್ನು ತಡೆಯಲು ತುಟಿ ಕಚ್ಚಿಕೊಂಡಳಂತೆ. ಒಳಗೆ ಹೋಗುವವರೆಗೂ ಕಚ್ಚಿಕೊಂಡೇ ಇದ್ದಳಂತೆ. ಅಪ್ಪ ಕೇಳಿದಾಗಲೂ ಅವಲಕ್ಕಿಯೊಳಗಿನ ಬೆರಳು ನೆನಪಾಗಿ ಮತ್ತೆ ಮುಖ ಬಿಗಿದುಕೊಂಡು ಅಡ್ಡಿಲ್ಲ ಎಂದಳಂತೆ. ಆ ಬಿಗಿದ ಮುಖವನ್ನು ಅಪ್ಪನೂ ನೋಡಿದರು, ಬಂದವರೂ ನೋಡಿದರು.

‘ಅಪ್ಪಗ ಬಿಡಿಸಿ ಹೇಳಬೇಕಿತ್ತು, ಹುಚ್ಚಿ.’

‘ಅವರಿಗೆ ಮನಸಿಲ್ದೇ ಇದ್ರೆ? ನಾನು ಬೇಕು ಅಂತ ಹೇಳಿ, ಅವರು ಬೇಡ ಅಂದ್ರೆ ಅಪ್ಪನ ಮುಖ ಹೇಗೆ ನೋಡ್ಲಿ?’

ಆ ಪದವನ್ನು ನಾನು ಅಲ್ಲಿಯವರೆಗೆ ಬರೀ ಸಂಕೋಚ, ಬರೀ ನಾಜೂಕು ಎಂದುಕೊಂಡು ಆಡಿಕೊಳ್ಳುತ್ತಿದ್ದೆ. ಅದು ಮುಖ ಉಳಿಸಿಕೊಳ್ಳುವುದಕ್ಕೆ ಮಾಡಿಕೊಂಡ ಒಂದು ಬಾಗಿಲು. ಪೂರ್ತಿ ತೆರೆಯದೆ ಪೂರ್ತಿ ಹಾಕದೆ ಇಟ್ಟರೆ ಬರುವವರಿಗೂ ಅವಮಾನವಿಲ್ಲ, ಹೋಗುವವರಿಗೂ ಇಲ್ಲ. ಆದರೆ ಎರಡೂ ಕಡೆಯವರು ಬಾಗಿಲು ಹಾಗೇ ಓರೆ ಮಾಡಿ ಹಿಂದೆ ನಿಂತುಬಿಟ್ಟರೆ ಒಳಗೆ ಬರುವವರು ಯಾರು? ಭಾನುವಾರ ಹತ್ತಿರ ಬರುತ್ತಿತ್ತು.

ಬುಧವಾರ ಹೊರಡುವಾಗ ಅವಳು ಬಸ್ಸಿನ ಕಿಟಕಿಯವರೆಗೂ ಬಂದು, ‘ಅಕ್ಕೋರೇ, ದಮ್ಮಯ್ಯ, ಬಡಕ್ಕನೆ ಕೇಳ್ಬೇಡಿ. ಗದ್ದಲ ಮಾಡ್ಬೇಡಿ’ ಎಂದು ಹೇಳಿ ಕಳಿಸಿದಳು. ಶಿರಸಿಯಲ್ಲಿ ಬಸ್ಸು ಬದಲಾಯಿಸಿ ಯಲ್ಲಾಪುರ ಮುಟ್ಟುವವರೆಗೂ ನಾನು ಮಾತಿಗೆ ಸುತ್ತು ಹಾಕುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ನಮ್ಮ ಯಲ್ಲಾಪುರದ ಅಂಗಡಿಯ ಟೇಬಲ್ ಫ್ಯಾನು ಕೆಟ್ಟು ಮೂಲೆ ಸೇರಿತ್ತು. ಅದನ್ನು ಬಗಲಲ್ಲಿ ಹಿಡಿದು ಹೊರಟೆ.

ವಾರ್ನಿಷಿನ ವಾಸನೆ, ಗೋಡೆಯ ತುಂಬ ತಾಮ್ರದ ತಂತಿಯ ಸುರುಳಿ. ಮಧ್ಯದಲ್ಲಿ ಅವನು ದಪ್ಪ ಕನ್ನಡಕ ಹಾಕಿಕೊಂಡು ತಂತಿ ಸುತ್ತುತ್ತಿದ್ದ. ಗ್ಲಾಸಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು, ಇವನಿಗೆ ಹತ್ತಿರದ್ದು ಕಾಣುವುದಿಲ್ಲ. ಅವಳಿಗೆ ದೂರದ್ದು, ಇವನಿಗೆ ಹತ್ತಿರದ್ದು. ನನಗೆ ಅಲ್ಲೇ ಚಪ್ಪಾಳೆ ತಟ್ಟಬೇಕೆನಿಸಿತು, ಫ್ಯಾನು ಹಿಡಿದಿದ್ದರಿಂದ ತಪ್ಪಿತು.

ನಾನು ಫ್ಯಾನಿನ ವಿಷಯ ಮಾತಾಡಿದೆ. ಕರೆಂಟಿನ ವಿಷಯ ಮಾತಾಡಿದೆ. ‘ನಾನು ಸಿದ್ದಾಪುರದ ಕನ್ನಡಕದ ಅಂಗಡಿಯಾಕಿ’ ಎಂದೆ. ಅವನ ಕೈಯಲ್ಲಿದ್ದ ತಂತಿ ನಿಂತಿತು. ಏನನ್ನೋ ಕೇಳಬೇಕೆಂದು ಬಾಯಿ ತೆರೆದು, ‘ಅಲ್ಲಿ ಎಲ್ಲ ಅಡ್ಡಿಲ್ವಾ?’ ಎಂದ. ಅಷ್ಟೇ. ಮತ್ತೆ ಫ್ಯಾನಿನ ಸ್ಕ್ರೂ ಬಿಚ್ಚತೊಡಗಿದ. ನನ್ನ ಸುತ್ತು ಅಲ್ಲಿಗೆ ಮುಗಿಯಿತು, ತಾಳ್ಮೆಯೂ ಮುಗಿಯಿತು.

‘ಕೋಲಸಿರ್ಸಿ ಹುಡುಗಿನ್ನ ನೋಡಿ ಬಂದ್ರೆಲ್ಲ, ಹೆಂಗ?’

‘ಅಡ್ಡಿಲ್ಲ ಅಂತ ಹೇಳಿದ್ವಿ’ ಎಂದ, ಸ್ಕ್ರೂ ನೋಡುತ್ತಲೇ. ‘ಅವರಿಗೇ ಮನಸಿಲ್ಲ ಅಂತ ಕಾಣ್ತದೆ. ಮುಖ ಬಿಗಿದುಕೊಂಡಿದ್ರು ಅಂತ ಅಮ್ಮ ಹೇಳಿದ್ರು. ನನಗೆ ಬಾಗಿಲ ಹತ್ರ ನಿಂತಾಗ ಚೊಲೋ ಕಂಡ್ರು. ಹತ್ರ ಬಂದಾಗ ಮಸುಕು.’

‘ಹೌದೇಳ್ರಿ. ಈ ಭಾನುವಾರ ಸಾಗರದ ಕಡೆಯವ್ರು ಬರಾಕತ್ತಾರ ಆಕಿನ್ನ ನೋಡಾಕ.’

ಸ್ಕ್ರೂಡ್ರೈವರು ಹಿಡಿದ ಕೈ ಹಾಗೇ ಮೇಲೆದ್ದು ನಿಂತಿತು. ಬಿಚ್ಚಿದ ಸ್ಕ್ರೂ ಉರುಳಿಕೊಂಡು ಮೇಜಿನ ಕೆಳಗೆ ಹೋಯಿತು. ‘ಈ ಭಾನುವಾರವಾ?’ ಎಂದ. ಎದ್ದು ನಿಂತ, ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮೊಬೈಲು ಹುಡುಕಿದ. ಅದು ಅವನ ಕಿಸೆಯಲ್ಲೇ ಇತ್ತು.

‘ಅಪ್ಪಂಗೆ ಫೋನ್ ಮಾಡಿ ಹೇಳ್ತೆ.’

‘ಏನಂತ ಹೇಳ್ತೀರಿ?’

‘ಅಡ್ಡಿಲ್ಲ ಅಂತ.’

‘ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದನ್ನ ಬಿಟ್ಟು ಬ್ಯಾರೆ ಏನರ ಹೇಳ್ರಿ!’ ಎಂದು ಕೂಗಿದೆ. ಗದ್ದಲ ಮಾಡಬಾರದೆಂಬ ವಚನ ಅಲ್ಲಿ ಮುರಿಯಿತು. ಎದುರಿನ ಪಂಕ್ಚರ್ ಅಂಗಡಿಯವನು ಹೊರಗೆ ಬಂದು ನೋಡಿದ.

ಪಾಪ, ಅವನು ಮೊಬೈಲು ಕಿವಿಗಿಟ್ಟು ಬಹಳ ಯೋಚಿಸಿದ. ಬೇರೆ ಮಾತು ಹುಡುಕುತ್ತಿದ್ದಾನೆಂದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ, ‘ಅಪ್ಪ, ಇನ್ನೊಂದು ಸಲ ಹೋಗಿ ಬರನ. ಈ ಸಲ ಕನ್ನಡಕ ಹಾಕ್ಯಂಡು ಹೋಗ್ತೆ’ ಎಂದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ನಾನು ಅಲ್ಲಿಂದಲೇ ಹುಡುಗಿಯ ಅಪ್ಪನಿಗೆ ಫೋನು ಮಾಡಿ, ಸಾಗರದವರಿಗೆ ಈಗಲೇ ಬರಬೇಡಿ ಎಂದು ತಿಳಿಸಿಬಿಡಿ, ಮಗಳ ಮುಖ ಬಿಗಿದದ್ದು ನಗು ತಡೆದದ್ದಕ್ಕೆ ಎಂದೆ. ಆ ಕಡೆ ಅವರೂ ನಕ್ಕದ್ದು ಕೇಳಿಸಿತು.

ಶನಿವಾರ ಅವನೊಬ್ಬನೇ ನಮ್ಮ ಸಿದ್ದಾಪುರದ ಅಂಗಡಿಗೆ ಬಂದ. ಅಪ್ಪ ಅಮ್ಮ ಕೋಲಸಿರ್ಸಿಯ ಮನೆಗೆ ಹೋಗಿದ್ದಾರೆ ಎಂದ. ತಾನು ಬಂದದ್ದು ಫ್ರೇಮು ಸಡಿಲವಾಗಿದೆ ಎಂದು. ಫ್ರೇಮು ಗಟ್ಟಿಯಾಗೇ ಇತ್ತು. ಹುಡುಗಿ ಅದನ್ನು ತೆಗೆದುಕೊಂಡು, ಬಿಗಿಯಾಗಿದ್ದ ಸ್ಕ್ರೂವನ್ನು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದಳು. ನಾನು ಬೆನ್ನು ತಿರುಗಿಸಿ ಗ್ಲಾಸಿನ ಪೆಟ್ಟಿಗೆ ಒರೆಸುವ ನೆಪ ಹೂಡಿದೆ. ಎದುರಿನ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಎಲ್ಲ ಗಿರಾಕಿಗಳಿಗೆ ಮಾಡುವಂತೆ ಅವಳು ಕನ್ನಡಕವನ್ನು ತಾನೇ ಅವನ ಕಿವಿಗೆ ಏರಿಸಿ, ಮೂಗಿನ ಮೇಲೆ ಕೂರಿಸಿದಳು. ಎಲ್ಲರನ್ನೂ ಕೇಳುವಂತೆ ‘ಈಗ ಹೇಗಿದೆ?’ ಎಂದು ಕೇಳಿದಳು.

ಇಬ್ಬರೂ ಕನ್ನಡಕ ಹಾಕಿಕೊಂಡೇ ಇದ್ದರು. ಅವನು ಅವಳನ್ನು ನೋಡಿದ, ಹತ್ತಿರದಿಂದ.

‘ಅಡ್ಡಿಲ್ಲ’ ಎಂದ, ಎಳೆದು, ಉಸಿರು ಬಿಟ್ಟು.

ಬಿಳಗಿ ಕಡೆಯ ಹಿರಿಯರಿಗೆ ಗ್ಲಾಸು ಸರಿಬಂದ ದಿನದ ಅಡ್ಡಿಲ್ಲೆ ಅದು. ನನಗೆ ಯಾರೂ ತಲೆಯಾಡಿಸಿ ತೋರಿಸಬೇಕಾಗಲಿಲ್ಲ.

ಮದುವೆ ಬೇಗನೇ ನಿಶ್ಚಯವಾಯಿತು. ಓಡಾಡಿ ಗೆದ್ದ ಹುಮ್ಮಸ್ಸಿನಲ್ಲಿ ನಾನೊಂದು ಮಾತನ್ನು ಯೋಚಿಸಿಯೇ ಇರಲಿಲ್ಲ. ಯಲ್ಲಾಪುರಕ್ಕೆ ಮದುವೆಯಾಗಿ ಹೋಗುವವಳು ಸಿದ್ದಾಪುರದ ಅಂಗಡಿಗೆ ಬರುವುದು ಹೇಗೆ? ಇದು ನನ್ನ ತಲೆಗೆ ಹೊಳೆದದ್ದು ಮಾಲೀಕರು ಶಿರಸಿಯಿಂದ ಫೋನು ಮಾಡಿ, ಹೊಸಬರನ್ನು ನೋಡಬೇಕು ಎಂದಾಗ. ಈ ಊರಿನಲ್ಲಿ ನನಗೆ ಮಾತು ಕಲಿಸಿದವಳು, ನನ್ನ ಗಂಟಲಿಗೆ ನಕ್ಕು ಹೊಂದಿಕೊಂಡವಳು ಅವಳೊಬ್ಬಳೇ.

ಕೆಲಸದ ಕೊನೆಯ ದಿನ ಸಂಜೆ ಅವಳು ತನ್ನ ಡ್ರಾಯರು ಖಾಲಿ ಮಾಡಿ, ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು, ನನ್ನ ಮುಂದೆ ಬಂದು ನಿಂತಳು.

‘ಬೇಜಾರಾ ಅಕ್ಕೋರೇ?’

ನಮ್ಮ ಕಡೆಯವರಿಗೆ ಇದಕ್ಕೆ ಉತ್ತರ ಬಾಯಲ್ಲೇ ಇರುತ್ತದೆ. ‘ಭಾಳ ಬ್ಯಾಸರ ಆಗೈತವ್ವ, ಹೋಗಬ್ಯಾಡ’ ಎಂದು ಕೆರೆಯ ಆಚೆ ದಂಡೆಗೆ ಕೇಳುವಂತೆ ಅತ್ತುಬಿಡುತ್ತೇವೆ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಹೊಸ ಸೀರೆಯ ಕನಸು ಕಟ್ಟಿಕೊಂಡು ನಿಂತ ಹುಡುಗಿಯ ಚೀಲಕ್ಕೆ ನನ್ನ ಅಳುವನ್ನೂ ತುಂಬಿ ಕಳಿಸಲೇ ಎನಿಸಿತು.

‘ಅಡ್ಡಿಲ್ಲ’ ಎಂದೆ.

ಜೀವಮಾನದಲ್ಲಿ ಮೊದಲ ಸಲ ಆ ಪದ ನನ್ನದೇ ಮಾತಾಗಿ ಬಾಯಿಂದ ಬಂದದ್ದು. ಅವಳು ಗೆಣ್ಣಿನಿಂದ ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು. ಕುರ್ಚಿಯಲ್ಲಿ ಕೂತ ಗಿರಾಕಿಯನ್ನು ನೋಡುವಂತೆ ನನ್ನನ್ನು ಒಂದು ಕ್ಷಣ ನೋಡಿದಳು.

‘ಹಂಗಾದ್ರೆ ಬಸ್ಸಿಗೆ ಹೊತ್ತಾಯ್ತು. ಬರ್ತೇನೆ’ ಎಂದು ಚೀಲ ಹೆಗಲಿಗೇರಿಸಿ, ಬಾಗಿಲು ದಾಟಿ ಮೆಟ್ಟಿಲು ಇಳಿದಳು.

ನನ್ನ ಕೈ ಮೇಲೆದ್ದಿತು. ನಾನು ಎತ್ತಿದ್ದಲ್ಲ, ತಾನಾಗಿಯೇ ಎದ್ದಿತು.

ಅವಳು ಹೋಗಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲೇ ತಿರುಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ‘ಗೊತ್ತಿತ್ತು ನನಗೆ’ ಎಂದು ಮೇಲೆ ಬಂದು ಆ ಕೈ ಹಿಡಿದುಕೊಂಡಳು. ಕೋಲಸಿರ್ಸಿಯ ಬಸ್ಸು ನಮ್ಮೆದುರೇ ಹಾದುಹೋಯಿತು. ಮುಂದಿನದು ಬರುವವರೆಗೆ ನಾವಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಉಳಿದಿದ್ದ ಶೇಂಗಾ ಚಟ್ನಿಯನ್ನು ಬರಿಗೈಯಲ್ಲಿ ತಿಂದು ಮುಗಿಸಿದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಅವಳು ಹೇಳಿದಳು, ನಾನೂ ಹೌದೆಂದೆ. ಬಸ್ಸು ಹತ್ತುವಾಗ ಅವಳು, ‘ಮದುವೆ ಆದ ಮೇಲೆ ಬುಧವಾರ ಮಧ್ಯಾಹ್ನ ಊಟಕ್ಕೆ ಯಲ್ಲಾಪುರದ ನಮ್ಮನೆಗೇ ಬರ್ಬೇಕು. ಅಡ್ಡಿಲ್ಲ ಅಂದ್ರೆ ಕೇಳೋದಿಲ್ಲ’ ಎಂದಳು.